ಪಿಕ್ಕೋ ಬೆರಳೋ: ತಾಳ ಯಾವ ಕಡೆ ಕೂತಿದೆ?

ಗಿಟಾರ್ ತಂತಿಯನ್ನು ಪಿಕ್‌ನಿಂದ (ಚಿಕ್ಕ ಚಪ್ಪಟೆ ಬಿಲ್ಲೆ) ಮೀಟಿದರೆ ಜೋರು, ಬೆರಳಿಂದ ಮೀಟಿದರೆ ಮೃದು. ಎರಡರ ವ್ಯತ್ಯಾಸ ಕೇಳಿದರೆ ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಮಾತು ನಿಜವೇ. ಆದರೆ ಹೊಸದಾಗಿ ಗಿಟಾರ್ ಹಿಡಿದವರಿಗೆ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವ್ಯತ್ಯಾಸ ಒಂದಿದೆ. ಪಿಕ್‌ನಲ್ಲಿ ತಾಳ ಇರುವುದು ಕೈ ಓಡಾಡುವ ದಿಕ್ಕಿನಲ್ಲಿ. ಬೆರಳಲ್ಲೇ ಮೀಟುವ ಫಿಂಗರ್‌ಸ್ಟೈಲ್‌ನಲ್ಲಿ ತಾಳ ಇರುವುದು ಹೆಬ್ಬೆರಳಿನಲ್ಲಿ. ಇದು ತಲೆಗೆ ಹೋದಮೇಲೆ ಮಿಕ್ಕಿದ್ದೆಲ್ಲ ಸಲೀಸಾಗಿ ಕೂಡಿಕೊಳ್ಳುತ್ತದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎಣಿಸುವುದಕ್ಕೆ ‘ಒಂದು, ಎರಡು’ ಬಿಟ್ಟು ‘ತಕ ತಕ ತಕ ತಕ’ ಎಂದು ಬಾಯಲ್ಲಿ ಹೇಳಿಕೊಳ್ಳಿ. ನಾಲ್ಕು ಎಣಿಕೆಯ ಸುತ್ತಿಗೆ ನಾಲ್ಕು ‘ತ’, ಅವುಗಳ ಮಧ್ಯೆ ನಾಲ್ಕು ‘ಕ’. ಈ ಟಿಪ್ಪಣಿ ಪೂರ್ತಿ ಇದರ ಮೇಲೆಯೇ ನಿಂತಿದೆ.

ಪಿಕ್

ತೋರುಬೆರಳನ್ನು ಮಡಚಿ, ಅದರ ತುದಿಗೆಣ್ಣಿನ ಪಕ್ಕದಲ್ಲಿ ಪಿಕ್ ಇಟ್ಟು, ಮೇಲೆ ಹೆಬ್ಬೆರಳು ಒತ್ತಬೇಕು. ತುದಿ ಸ್ವಲ್ಪವೇ ಹೊರಗಿರಲಿ. ತುಂಬ ಹೊರಗಿದ್ದರೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಹಿಡಿತ ತೀರ ಬಿಗಿಯಾದರೆ ಮಣಿಕಟ್ಟು ಮರಗಟ್ಟುತ್ತದೆ, ಸಡಿಲವಾದರೆ ಪಿಕ್ ತಿರುಗಿ ಜಾರುತ್ತದೆ. ದಪ್ಪದ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ: 0.60 ಮಿ.ಮೀ. ಆಸುಪಾಸಿನದು ಬಳುಕುತ್ತದೆ, ತಂತಿಗಳನ್ನು ಒಟ್ಟಿಗೆ ಸವರುವ ಸ್ಟ್ರಮ್ಮಿಂಗ್‌ಗೆ ಹಿತ; 1 ಮಿ.ಮೀ. ದಾಟಿದ್ದು ಗಟ್ಟಿ, ಒಂದೊಂದೇ ಸ್ವರ ನುಡಿಸಲು ಸ್ಪಷ್ಟ.

ನಿಯಮ ಒಂದೇ: ‘ತ’ ಬಂದಾಗ ಕೈ ಕೆಳಕ್ಕೆ, ‘ಕ’ ಬಂದಾಗ ಮೇಲಕ್ಕೆ. ತಂತಿಗೆ ತಾಗಲಿ, ಬಿಡಲಿ, ಕೈ ಮಾತ್ರ ನಿಲ್ಲಬಾರದು. ಎಲ್ಲರೂ ಮೊದಲು ಕಲಿಯುವ ‘ಕೆಳ, ಕೆಳ-ಮೇಲೆ, ಮೇಲೆ-ಕೆಳ-ಮೇಲೆ’ ಸ್ಟ್ರಮ್ಮಿಂಗ್ ತಗೊಳ್ಳಿ. ಅದರಲ್ಲಿ ‘ಮೇಲೆ’ ಬೆನ್ನಿಗೇ ಮತ್ತೊಂದು ‘ಮೇಲೆ’ ಇದೆ. ಒಂದರ ಹಿಂದೆ ಒಂದು ಮೇಲಕ್ಕೆ ಹೊಡೆಯಲು ಕೈ ನಡುವೆ ಕೆಳಗೆ ಬರಲೇಬೇಕಲ್ಲ? ಬರುತ್ತದೆ, ಮೂರನೇ ‘ತ’ದಲ್ಲಿ, ತಂತಿ ಮುಟ್ಟದೆ ಗಾಳಿಯಲ್ಲೇ. ಆ ಖಾಲಿ ಇಳಿತವನ್ನು ಬಿಟ್ಟುಬಿಟ್ಟರೆ ಇಡೀ ಲಯ ಕುಂಟುತ್ತದೆ.

ಬೆರಳು

ಕೈ ಇಡುವ ಕ್ರಮ ಚಿಕ್ಕದು. ಹೆಬ್ಬೆರಳಿಗೆ 6, 5, 4ನೇ ತಂತಿ (ಅತಿ ದಪ್ಪದ್ದು 6, ಅತಿ ತೆಳುವಾದದ್ದು 1). ತೋರುಬೆರಳಿಗೆ 3, ನಡುಬೆರಳಿಗೆ 2, ಉಂಗುರ ಬೆರಳಿಗೆ 1. ಹೆಬ್ಬೆರಳು ಉಳಿದ ಬೆರಳುಗಳಿಗಿಂತ ಸ್ವಲ್ಪ ಫ್ರೆಟ್‌ಬೋರ್ಡ್ (ಎಡಗೈ ತಂತಿ ಒತ್ತುವ ಪಟ್ಟಿ) ಕಡೆಗೆ ಮುಂದಿರಲಿ, ಇಲ್ಲದಿದ್ದರೆ ತೋರುಬೆರಳಿಗೆ ಡಿಕ್ಕಿ ಹೊಡೆಯುತ್ತದೆ. ಬೆರಳನ್ನು ಅಂಗೈ ಕಡೆಗೆ ಮಡಚುತ್ತ ಮೀಟಿ. ತಂತಿಯನ್ನು ಹೊರಕ್ಕೆ ಎಳೆದು ಬಿಟ್ಟರೆ ಅದು ಫ್ರೆಟ್‌ಗೆ (ಆ ಪಟ್ಟಿಯ ಮೇಲಿನ ಲೋಹದ ಅಡ್ಡಗೆರೆ) ಬಡಿದು ‘ಟಪ್’ ಎನ್ನುತ್ತದೆ. ಉಗುರು ಬೇಕೇ ಬೇಕು ಎಂದೇನಿಲ್ಲ. ಸ್ಟೀಲ್ ತಂತಿ ಉಗುರನ್ನು ಬೇಗ ಸವೆಸುವುದರಿಂದ ಶುರುವಿಗೆ ಬೆರಳ ತುದಿಯೇ ಸಾಕು.

ಇನ್ನು ಕಷ್ಟದ ಭಾಗ. ಕೆಂಟಕಿಯ ಗಿಟಾರ್ ವಾದಕ ಮರ್ಲ್ ಟ್ರಾವಿಸ್ ಹೆಸರಿನಲ್ಲಿ ಕರೆಯುವ ಟ್ರಾವಿಸ್ ಪಿಕಿಂಗ್‌ನಲ್ಲಿ ಹೆಬ್ಬೆರಳು ಎರಡು ಬೇಸ್ (ದಪ್ಪ) ತಂತಿಗಳ ಮಧ್ಯೆ ಅತ್ತಿತ್ತ ಓಡಾಡುತ್ತಿರುತ್ತದೆ, ಬೆರಳುಗಳು ಸಂದಿಯಲ್ಲಿ ಬಂದು ಹೋಗುತ್ತವೆ. ಸಿ ಕಾರ್ಡ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದಾಗ ಶುರುವಿನ ಪಾಠ ಹೀಗೆ:

ತ: 5 ಮತ್ತು 2 ಒಟ್ಟಿಗೆ (ಹೆಬ್ಬೆರಳು, ನಡುಬೆರಳು)
ಕ: ಖಾಲಿ
ತ: 4 (ಹೆಬ್ಬೆರಳು)
ಕ: 3 (ತೋರುಬೆರಳು)
ತ: 5 (ಹೆಬ್ಬೆರಳು)
ಕ: 2 (ನಡುಬೆರಳು)
ತ: 4 (ಹೆಬ್ಬೆರಳು)
ಕ: ಖಾಲಿ

ಟ್ಯಾಬ್ ಹಾಳೆಯಲ್ಲಿ (ಯಾವ ತಂತಿ, ಯಾವ ಫ್ರೆಟ್ ಎಂದು ತೋರಿಸುವ ಬರಹ) ಇದನ್ನು ನೋಡಿದರೆ ಕಣ್ಣಿಗೆ ಬೀಳುವುದು 5 (ಜೊತೆಗೆ 2), 4, 3, 5, 2, 4 ಎಂಬ ತಂತಿಗಳ ಸಾಲು. ಸಾಲಾಗಿ ಕಂಡದ್ದನ್ನು ಸಾಲಾಗಿಯೇ ಬಾಯಿಪಾಠ ಮಾಡುತ್ತೇವೆ. ಆಗ ಆರು ಮೀಟುಗಳೂ ಸಮಾನ ಅಂತರದಲ್ಲಿ ಬರುತ್ತವೆ. ತಂತಿ ಒಂದೂ ತಪ್ಪಿಲ್ಲ, ಬೆರಳೂ ಸರಿ, ಆದರೂ ಕೇಳಲು ಏನೋ ಸರಿಯಿಲ್ಲ. ನನಗೆ ಅತಿ ಹೆಚ್ಚು ಸಮಯ ಹಿಡಿದ ಹೆಜ್ಜೆ ಇದೇ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಇದು ಒಂದು ಸಾಲಲ್ಲ, ಎರಡು. ಒಂದು ಸಾಲು ಹೆಬ್ಬೆರಳಿನದು: 5, 4, 5, 4, ನಾಲ್ಕೂ ‘ತ’ದಲ್ಲಿ, ನಡುವೆ ಏನೇ ಬಂದರೂ ಬದಲಾಗದು. ಇನ್ನೊಂದು ಸಾಲು ಬೆರಳುಗಳದು: ಶುರುವಿನಲ್ಲಿ ಒಮ್ಮೆ ಹೆಬ್ಬೆರಳ ಜೊತೆ, ಆಮೇಲೆ ಎರಡು ‘ಕ’ಗಳಲ್ಲಿ. ತೋರುಬೆರಳು ಮೀಟುವುದು 4ನೇ ತಂತಿಯ ‘ನಂತರ’ ಎಂದು ಕಲಿತರೆ ಹೆಬ್ಬೆರಳು ಅದಕ್ಕಾಗಿ ಕಾಯತೊಡಗುತ್ತದೆ. ತಾಳ ಕೆಡುವುದು ಈ ಕಾಯುವಿಕೆಯಿಂದಲೇ. ಹೆಬ್ಬೆರಳು ಯಾರಿಗೂ ಕಾಯಬಾರದು, ಬೆರಳೇ ಸಂದಿ ನೋಡಿ ಒಳಗೆ ಬರಬೇಕು.

ಅಭ್ಯಾಸ ಮಾಡುವ ರೀತಿ: ಮೆಟ್ರೊನೋಮ್ (ತಾಳ ಬಡಿಯುವ ಸಾಧನ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಬರೀ ಹೆಬ್ಬೆರಳು ಆಡಿಸಿ. ಜೊತೆಗೆ ಮಾತಾಡಲು ಬರುವಷ್ಟು ಅದು ತಾನಾಗಿ ಓಡಬೇಕು. ಆಮೇಲೆ ಎರಡನೇ ‘ಕ’ದಲ್ಲಿ ತೋರುಬೆರಳು ಮಾತ್ರ ಸೇರಿಸಿ, ಬೇರೇನೂ ಬೇಡ. ಅದು ಕೂತ ಮೇಲೆ ತೆಗೆದುಬಿಡಿ! ತೆಗೆದಾಗಲೂ ಹೆಬ್ಬೆರಳು ಹಾಗೇ ಓಡುತ್ತಿದ್ದರೆ ಸ್ವತಂತ್ರವಾಗಿದೆ ಎಂದರ್ಥ, ತಡವರಿಸಿದರೆ ಇನ್ನೂ ಬೆರಳನ್ನು ನೆಚ್ಚಿಕೊಂಡಿದೆ. ಹೀಗೆಯೇ ಮೂರನೇ ‘ಕ’ದ ನಡುಬೆರಳನ್ನು ಒಂಟಿಯಾಗಿ ಸೇರಿಸಿ, ತೆಗೆಯಿರಿ. ಎರಡನ್ನೂ ಕೂಡಿಸುವುದು ಆಮೇಲೆ. ಮೊದಲ ‘ತ’ದ ಜೋಡಿ ಮೀಟು ಕಟ್ಟಕಡೆಗೆ. ಈ ‘ಸೇರಿಸಿ ತೆಗೆಯುವ’ ಉಪಾಯ ಎಷ್ಟು ಕೆಲಸ ಮಾಡುತ್ತದೆಂದರೆ, ಬೇರೆಲ್ಲ ಮರೆತರೂ ಇದನ್ನು ಮರೆಯಬೇಡಿ.

ಈಗ ಪಿಕ್ ಭಾಗವನ್ನು ಮತ್ತೊಮ್ಮೆ ನೋಡಿ. ಗಾಳಿಯಲ್ಲಿ ಇಳಿಯುವ ಕೈ, ಯಾರಿಗೂ ಕಾಯದ ಹೆಬ್ಬೆರಳು: ಎರಡೂ ಮಾಡುವುದು ಒಂದೇ ಕೆಲಸ, ‘ತ’ವನ್ನು ಬಿಡದೆ ಹಿಡಿದಿರುವುದು. ಅದಕ್ಕೇ ಒಂದನ್ನು ಕಲಿತ ಶ್ರಮ ಇನ್ನೊಂದರಲ್ಲಿ ವ್ಯರ್ಥವಾಗುವುದಿಲ್ಲ.

ಉಳಿದ ಕಾರ್ಡ್‌ಗಳಿಗೆ ಹೆಬ್ಬೆರಳ ಜಾಗ: ಎ ಮೈನರ್‌ಗೆ 5-4, ಜಿ ಮತ್ತು ಇ ಮೈನರ್‌ಗೆ 6-4. ಡಿ ಕಾರ್ಡ್‌ನ ಮೂಲ ಸ್ವರ 4ನೇ ತಂತಿಯಲ್ಲಿದೆ, ಹಾಗಾಗಿ ಅಲ್ಲಿ 4-3. ಆಗ ಬೆರಳುಗಳೂ ಒಂದೊಂದು ತಂತಿ ಸರಿಯುತ್ತವೆ: ತೋರುಬೆರಳು 2ಕ್ಕೆ, ನಡುಬೆರಳು 1ಕ್ಕೆ.

ಯಾವುದನ್ನು ಮೊದಲು?

ಹಾಡುತ್ತ ಜೊತೆಗೆ ಕಾರ್ಡ್ ಹಾಕುವ ಆಸೆ ಇದ್ದರೆ ಪಿಕ್. ಹಾಡುವವರಿಲ್ಲದೆ ಗಿಟಾರೊಂದೇ ರಾಗವನ್ನೂ ಬೇಸನ್ನೂ ನುಡಿಸಬೇಕೆಂದಿದ್ದರೆ ಬೆರಳು. 5ನೇ ಮತ್ತು 1ನೇ ತಂತಿಯನ್ನು ಒಂದೇ ಕ್ಷಣದಲ್ಲಿ ಮೀಟಿ ನಡುವಿನವನ್ನು ಮುಟ್ಟದೆ ಬಿಡುವುದು ಬೆರಳಿಗೆ ಸುಲಭ, ಒಂಟಿ ಪಿಕ್‌ಗೆ ಕಷ್ಟ. ಎಲೆಕ್ಟ್ರಿಕ್ ಗಿಟಾರ್‌ಗೆ ಪಿಕ್ಕೇ ಬೇಕು ಎಂಬ ಮಾತನ್ನು ನಂಬಬೇಡಿ. ಜಾಝ್ ವಾದಕ ವೆಸ್ ಮಾಂಟ್ಗೊಮರಿ ಹೆಬ್ಬೆರಳಲ್ಲೇ ನುಡಿಸಿದರು, ರಾಕ್ ವಾದಕ ಮಾರ್ಕ್ ನಾಪ್ಫ್ಲರ್ ಕೂಡ ಬೆರಳುಗಳಿಗೇ ಹೆಸರಾದವರು.

ಫಿಂಗರ್‌ಸ್ಟೈಲ್ ಪರವಾಗಿ ಇನ್ನೊಂದು ಮಾತಿದೆ, ಇದು ಎಡಗೈಗೆ ಸಂಬಂಧಿಸಿದ್ದು. ಸಿ ಇಂದ ಎ ಮೈನರ್‌ಗೆ ಹೋಗುವಾಗ ಎಡಗೈಯಲ್ಲಿ ಜಾಗ ಬದಲಿಸುವುದು ಉಂಗುರ ಬೆರಳೊಂದೇ: 5ನೇ ತಂತಿಯ 3ನೇ ಫ್ರೆಟ್ ಬಿಟ್ಟು 3ನೇ ತಂತಿಯ 2ನೇ ಫ್ರೆಟ್‌ಗೆ. ಪಿಕ್‌ನಲ್ಲಿ ಮೊದಲ ‘ತ’ಕ್ಕೇ ತಂತಿಗಳೆಲ್ಲ ಒಟ್ಟಿಗೆ ನುಡಿಯುವುದರಿಂದ ಬೆರಳು ಅಷ್ಟರೊಳಗೆ ಕೂತಿರಬೇಕು. ಮೇಲಿನ ಪಾಠದಲ್ಲಿ ಹಾಗಿಲ್ಲ. ಮೂರನೇ ‘ತ’ ಆದಮೇಲೆ 5ನೇ ತಂತಿಗೆ ಕೆಲಸ ಮುಗಿಯಿತು, 3ನೇ ತಂತಿಯ ಸರದಿ ಬರುವುದು ಮುಂದಿನ ಸುತ್ತಿನ ಎರಡನೇ ‘ಕ’ಕ್ಕೆ. ನಾಲ್ಕನೇ ‘ತ’ದಲ್ಲಿ ಉಂಗುರ ಬೆರಳು ಎತ್ತಿದರೂ ಕೈಯಲ್ಲಿ ಎರಡೂವರೆ ಎಣಿಕೆ ಸಮಯ ಇರುತ್ತದೆ. ಕಾರ್ಡ್ ಬದಲಿಸುವಲ್ಲಿ ಪ್ರತಿ ಸಲ ಎಡವುವವರು ಈ ಎರಡು ಕಾರ್ಡ್‌ಗಳನ್ನೇ ಹೀಗೆ ಬೆರಳಲ್ಲಿ ಮೀಟಿ ನೋಡಿ.