ಗುಡ್ಡದ ಗಾಲ್ಫ್ ಕೋರ್ಸ್‌ನಲ್ಲಿ ಮೊದಲು ಕಾಲಿಗೆ ಜಾಗ ಹುಡುಕಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಗಾಲ್ಫ್ ಕಲಿಯುವುದು ಬಹುತೇಕ ಸಪಾಟು ನೆಲದಲ್ಲಿ. ಒಂದು ಬಯಲು, ಒಂದು ಮ್ಯಾಟ್, ಒಂದು ಬುಟ್ಟಿ ಚೆಂಡು. ಅಲ್ಲಿ ತಮ್ಮ 7 ಐರನ್ (ಮಧ್ಯಮ ದೂರದ ಕ್ಲಬ್, ಅಂದರೆ ಹೊಡೆಯುವ ಕೋಲು) ಎಷ್ಟು ದೂರ ಹೋಗುತ್ತದೆ, ಡ್ರೈವರ್ (ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್) ಎಷ್ಟು ಹೋಗುತ್ತದೆ ಎಂದು ಚೆನ್ನಾಗಿ ತಿಳಿದುಕೊಂಡಿರುತ್ತಾರೆ. ಆಮೇಲೆ ರಜೆಯಲ್ಲಿ ಊಟಿಗೋ ಕೊಡಗಿಗೋ ಹೋಗುತ್ತಾರೆ. ಇಲ್ಲವೇ ಹೈದರಾಬಾದಿನ ಬೋಲ್ಡರ್ ಹಿಲ್ಸ್‌ನಂಥ ಬಂಡೆ, ದಿಬ್ಬಗಳ ಕೋರ್ಸ್‌ಗೆ ಹೋಗುತ್ತಾರೆ. ಅದೇ ಕ್ಲಬ್, ಅದೇ ಸ್ವಿಂಗ್. ಆದರೆ ಸ್ಕೋರ್ ಮಾತ್ರ ಎಲ್ಲಿಗೋ ಹೋಗಿರುತ್ತದೆ. ವಾಪಸ್ ಬಂದು ನನ್ನ ಹತ್ತಿರ ಹೇಳುವುದು ಒಂದೇ ಮಾತು: "ಸರ್, ದೂರದ ಲೆಕ್ಕ ತಪ್ಪಿತು."

ದೂರದ ಲೆಕ್ಕವೂ ತಪ್ಪಿರುತ್ತದೆ, ನಿಜ. ಅದಕ್ಕಿಂತ ಮೊದಲು ತಪ್ಪಿರುವುದು ಬೇರೆ. ಟೀ ಮೇಲೆ, ಅಂದರೆ ಮೊದಲ ಹೊಡೆತದ ಜಾಗದಲ್ಲಿ, ನಿಂತಾಗ ಇವರು ಚೆಂಡು ಎಲ್ಲಿ ಬೀಳಬೇಕು ಎಂದು ಯೋಚಿಸಿರುತ್ತಾರೆ. ಅದು ಬಿದ್ದ ಜಾಗದಲ್ಲಿ ತಮ್ಮ ಎರಡು ಕಾಲು ಹೇಗೆ ನಿಲ್ಲುತ್ತವೆ ಎಂದು ಯೋಚಿಸಿರುವುದಿಲ್ಲ. ಬಯಲಿನಲ್ಲಿ ಕಲಿತವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅಲ್ಲಿ ಎಲ್ಲಿ ನಿಂತರೂ ನೆಲ ಒಂದೇ ಅಲ್ವಾ? ಗುಡ್ಡದ ಮೇಲೆ ಹಾಗಲ್ಲ. ಅಲ್ಲಿ ಯೋಜನೆ ಶುರುವಾಗಬೇಕಾದದ್ದು ಕಾಲಿನಿಂದ.

ಎಷ್ಟು ಸಣ್ಣ ವಾಲು ಎಷ್ಟು ದೊಡ್ಡ ಫರಕು ಮಾಡುತ್ತದೆ ಎಂದು ಮೊದಲು ನೋಡೋಣ. ನೀವು ನಿಂತಾಗ ಎರಡು ಪಾದಗಳ ನಡುವೆ ಅರ್ಧ ಮೀಟರ್ ಅಂತರ ಇದೆ ಎಂದುಕೊಳ್ಳಿ. ಒಂದು ಪಾದ ಇನ್ನೊಂದಕ್ಕಿಂತ ಬರೀ 4 ಸೆಂಟಿಮೀಟರ್ ಮೇಲಿದ್ದರೆ ಸಾಕು, ನೆಲ ನಾಲ್ಕೂವರೆ ಡಿಗ್ರಿ ವಾಲಿದಂತೆ. ಕಣ್ಣಿಗೆ ಅದು ಇಳಿಜಾರು ಅನಿಸುವುದೇ ಇಲ್ಲ. ಆದರೆ ಸೆಟ್‌ನಲ್ಲಿ ಒಂದು ಐರನ್‌ಗೂ ಮುಂದಿನದಕ್ಕೂ ಲಾಫ್ಟ್‌ನಲ್ಲಿರುವ (ಕ್ಲಬ್ ಮುಖ ಹಿಂದಕ್ಕೆ ವಾಲಿರುವ ಕೋನದಲ್ಲಿರುವ) ವ್ಯತ್ಯಾಸವೂ ಸುಮಾರು ಅಷ್ಟೇ, 4 ಡಿಗ್ರಿ ಆಸುಪಾಸು. ಅಂದರೆ ಗುರಿಯ ಕಡೆಗಿನ ಕಾಲು 4 ಸೆಂಟಿಮೀಟರ್ ಮೇಲಿದ್ದರೆ ನಿಮ್ಮ ಕೈಲಿರುವ 7 ಐರನ್ 8 ಐರನ್ ಥರ ಕೆಲಸ ಮಾಡುತ್ತದೆ. ಚೆಂಡು ಜಾಸ್ತಿ ಎತ್ತರ ಏರುತ್ತದೆ, ಮೊದಲೇ ಬೀಳುತ್ತದೆ, ಮತ್ತು ಬಲಗೈ ಆಟಗಾರರಿಗೆ ಎಡಕ್ಕೆ ಎಳೆಯುತ್ತದೆ. ಇದು ಏರುಮುಖದ ನಿಲುವು. ದೊಡ್ಡ ಕ್ಲಬ್ (ಜಾಸ್ತಿ ದೂರ ಹೋಗುವುದು) ತಗೊಂಡು, ಗುರಿಯನ್ನು ಸ್ವಲ್ಪ ಬಲಕ್ಕೆ ಇಟ್ಟುಕೊಂಡರೆ ಸಂಭಾಳಿಸಬಹುದು. ಗುಡ್ಡದ ನಾಲ್ಕು ನಿಲುವುಗಳಲ್ಲಿ (ಏರುಮುಖ, ಇಳಿಮುಖ, ಚೆಂಡು ಪಾದಕ್ಕಿಂತ ಮೇಲೆ, ಚೆಂಡು ಪಾದಕ್ಕಿಂತ ಕೆಳಗೆ) ಸುಲಭದ್ದು ಇದೇ. (ಎಡಗೈ ಆಟಗಾರರು ಎಡ, ಬಲವನ್ನು ಅದಲುಬದಲು ಮಾಡಿಕೊಂಡು ಓದಬೇಕು.)

ಕಷ್ಟದ್ದು ಇಳಿಮುಖದ ನಿಲುವು. ಮುಂದಿನ ಕಾಲು ಕೆಳಗೆ, ಹಿಂದಿನ ಕಾಲು ಮೇಲೆ. ನೆಲ ಕ್ಲಬ್‌ನ ಲಾಫ್ಟ್ ಕಿತ್ತುಕೊಳ್ಳುತ್ತದೆ. ಚೆಂಡು ತಗ್ಗಾಗಿ ಹೊರಡುತ್ತದೆ, ಬಿದ್ದ ಮೇಲೆ ಓಡುತ್ತದೆ, ಬಲಕ್ಕೆ ಸರಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಏನೆಂದರೆ ಕ್ಲಬ್ ಚೆಂಡಿಗೆ ಮುಟ್ಟುವ ಮೊದಲೇ ಹಿಂದಿನ ಉಬ್ಬು ನೆಲಕ್ಕೆ ತಾಗುತ್ತದೆ. ಚೆಂಡನ್ನು ಎತ್ತಬೇಕು ಎಂದು ಮೈಯನ್ನು ಹಿಂದಕ್ಕೆ ವಾಲಿಸಿದರೆ ಕೆಟ್ಟಿತೆಂದೇ ಲೆಕ್ಕ. ಹೆಗಲುಗಳು ಇಳಿಜಾರಿನ ಜೊತೆಗೇ ವಾಲಬೇಕು. ತೂಕ ಕೆಳಗಿನ ಕಾಲಿನ ಮೇಲೆ ಇರಬೇಕು. ಚೆಂಡು ಮಧ್ಯಕ್ಕಿಂತ ಸ್ವಲ್ಪ ಹಿಂದಿರಲಿ. ಮುಕ್ಕಾಲು ಸ್ವಿಂಗ್ ಸಾಕು. ಹೊಡೆದ ಮೇಲೂ ಕ್ಲಬ್ ತಲೆ ಇಳಿಜಾರಿನ ಉದ್ದಕ್ಕೆ ಕೆಳಗೇ ಹೋಗಬೇಕು. ಇಷ್ಟೆಲ್ಲ ಸರಿಯಾಗಿ ಮಾಡಿದರೂ, ಎತ್ತರದ ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಬಂಕರ್ (ಮರಳು ಗುಂಡಿ) ದಾಟಿಸಿ ನಿಲ್ಲಿಸುವಂಥ ಶಾಟ್ ಈ ನಿಲುವಿನಿಂದ ಬರುವುದು ಬಹಳ ಕಷ್ಟ. ಆದ್ದರಿಂದ ಇಲ್ಲಿ ಜಾಣತನ ಎಂದರೆ ಈ ಜಾಗಕ್ಕೆ ಬರದೇ ಇರುವುದು.

ಅಡ್ಡ ಇಳಿಜಾರಿನ ಮಾತು ಬೇಗ ಮುಗಿಯುತ್ತದೆ. ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ. ಹಿಡಿಯನ್ನು ಕೆಳಗೆ ಹಿಡಿಯಿರಿ, ಬಲಕ್ಕೆ ಗುರಿ ಇಡಿ. ಕೆಳಗಿದ್ದರೆ ಬಲಕ್ಕೆ ಹೋಗುತ್ತದೆ. ಮೊಣಕಾಲು ಜಾಸ್ತಿ ಬಗ್ಗಿಸಿ, ಕೊನೆಯವರೆಗೂ ಎದ್ದೇಳಬೇಡಿ. ಲಾಫ್ಟ್ ಜಾಸ್ತಿ ಇದ್ದಷ್ಟೂ ಈ ತಿರುವು ಜಾಸ್ತಿ. ಹಾಗಾಗಿ ವೆಡ್ಜ್ (ಲಾಫ್ಟ್ ಅತಿ ಹೆಚ್ಚಿರುವ, ಹತ್ತಿರದ ಹೊಡೆತದ ಕ್ಲಬ್) ಹಿಡಿದಾಗ ಗುರಿಯನ್ನು ಹೆಚ್ಚು ಸರಿಸಬೇಕು. ಸಣ್ಣ ಕ್ಲಬ್ ಎಂದು ಉದಾಸೀನ ಮಾಡುವವರೇ ಇಲ್ಲಿ ಸಿಕ್ಕಿಬೀಳುತ್ತಾರೆ.

ಈಗ ಇದನ್ನೆಲ್ಲ ಒಂದು ಹೋಲ್‌ಗೆ ಹಾಕಿ ನೋಡೋಣ. 350 ಯಾರ್ಡ್‌ನ ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು. ಟೀಯಿಂದ 210 ಯಾರ್ಡ್‌ವರೆಗೆ ಫೇರ್‌ವೇ (ಟೀಗೂ ಗ್ರೀನ್‌ಗೂ ನಡುವಿನ ಹುಲ್ಲಿನ ದಾರಿ) ಹೆಚ್ಚುಕಡಿಮೆ ಸಮ. ಅಲ್ಲಿಂದ ಮುಂದೆ ಜೋರಾಗಿ ಇಳಿದು, 250ರ ಹತ್ತಿರ ತಗ್ಗಿನಲ್ಲಿ ಮತ್ತೆ ಸಮ ಆಗುತ್ತದೆ. ಗ್ರೀನ್ ಎದುರಿನ ದಿಬ್ಬದ ಮೇಲೆ. ನೀವು ಡ್ರೈವರ್‌ನಲ್ಲಿ 225 ಹೊಡೆಯುವವರು ಎಂದುಕೊಳ್ಳಿ. ಡ್ರೈವರ್ ಹೊಡೆದರೆ ಉಳಿಯುವುದು 125, ಆದರೆ ನಡು ಇಳಿಜಾರಿನಲ್ಲಿ ನಿಂತು, ಏರಿನ ಗ್ರೀನ್‌ಗೆ. ಹೈಬ್ರಿಡ್‌ನಲ್ಲಿ (ಡ್ರೈವರ್‌ಗೂ ಐರನ್‌ಗೂ ನಡುವಿನ ಕ್ಲಬ್) 200 ಹೊಡೆದರೆ ಉಳಿಯುವುದು 150, ಆದರೆ ಸಮ ನೆಲದಲ್ಲಿ ನಿಂತು. ನನ್ನ ಶಿಷ್ಯರಿಗೆ ಇಲ್ಲಿ ಹೈಬ್ರಿಡ್ ಎನ್ನುತ್ತೇನೆ, ಎರಡು ಮಾತಿಲ್ಲ. 25 ಯಾರ್ಡ್ ಹತ್ತಿರ ಹೋಗಿ ಅವರು ಗಳಿಸುವುದಕ್ಕಿಂತ, ವಾಲಿದ ಕಾಲಿನಿಂದ ಕಳೆದುಕೊಳ್ಳುವುದು ಜಾಸ್ತಿ.

ಇದನ್ನು ಕೇಳಿ "ಹಾಗಾದರೆ ಗುಡ್ಡದಲ್ಲಿ ಡ್ರೈವರ್ ಬೇಡ" ಎಂದು ತೀರ್ಮಾನಿಸಬೇಡಿ. ಅದೇ ಹೋಲ್‌ನಲ್ಲಿ 255 ಹೊಡೆಯುವ ಹುಡುಗನಿಗೆ ನಾನು ಡ್ರೈವರ್ ಹೊಡಿ ಎನ್ನುತ್ತೇನೆ. ಅವನ ಚೆಂಡು ಇಳಿಜಾರು ದಾಟಿ ತಗ್ಗಿನ ಸಮ ನೆಲಕ್ಕೆ ಬರುತ್ತದೆ. ಅಲ್ಲಿ 95 ಯಾರ್ಡ್ ಉಳಿಯುತ್ತದೆ, ಕಾಲೂ ಗಟ್ಟಿ. ಇಳಿಜಾರು ತೀರಾ ಮೆಲ್ಲಗಿದ್ದರೂ ಹತ್ತಿರ ಹೋಗುವುದೇ ಲಾಭ. ಹತ್ತಿರದಿಂದ ಆಡುವುದು ಸಾಮಾನ್ಯವಾಗಿ ಒಳ್ಳೆಯದೇ. ಆ ಲಾಭವನ್ನು ನೆಲ ತಿಂದುಹಾಕುವ ಕಡೆ ಮಾತ್ರ ಹಿಂದೆ ನಿಲ್ಲಬೇಕು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದದ್ದು ಎಲ್ಲರಿಗೂ ನೆನಪಿದೆ. ಉದ್ದ ಹೊಡೆಯುವವರ ಸಾಲಿನಲ್ಲಿ ಅವರು ಇರಲಿಲ್ಲ. ಮುಂದಿನ ಶಾಟ್ ಎಲ್ಲಿಂದ ಆಡಬೇಕು ಎಂದು ಯೋಚಿಸುವುದು ಬಲ ಕಡಿಮೆ ಇರುವವರಿಗೆ ಸಿಗುವ ದೊಡ್ಡ ಅಸ್ತ್ರ.

ಇನ್ನು ಎತ್ತರದ ಲೆಕ್ಕ. "10 ಯಾರ್ಡ್ ಕೆಳಗಿದ್ದರೆ 10 ಯಾರ್ಡ್ ಕಡಿಮೆ ಹೊಡಿ" ಎಂಬ ಸೂತ್ರ ಎಲ್ಲರಿಗೂ ಗೊತ್ತು. ಅದು ಅರ್ಧ ಮಾತ್ರ ಸರಿ. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿಯುತ್ತಿದ್ದರೆ ಮಾತ್ರ 10ಕ್ಕೆ 10 ಆಗುತ್ತದೆ. ಮಧ್ಯಮ ಐರನ್‌ಗಳು ಹೆಚ್ಚುಕಡಿಮೆ ಹಾಗೆ ಇಳಿಯುತ್ತವೆ. ವೆಡ್ಜ್ ಇನ್ನೂ ನೆಟ್ಟಗೆ ಇಳಿಯುತ್ತದೆ, ಹಾಗಾಗಿ 10 ಯಾರ್ಡ್ ತಗ್ಗಿಗೆ 8 ಯಾರ್ಡ್ ಕಳೆದರೆ ಸಾಕು. ಡ್ರೈವರ್ ಚೆಂಡು ಓರೆಯಾಗಿ ಬರುತ್ತದೆ, ಅದೇ 10 ಯಾರ್ಡ್ ತಗ್ಗಿಗೆ 13-14 ಯಾರ್ಡ್ ಮುಂದೆ ಹೋಗಿ ಬೀಳುತ್ತದೆ. ತಗ್ಗಾಗಿ ಹೊಡೆಯುವವರಿಗೆ ಇನ್ನೂ ಜಾಸ್ತಿ. ಏರಿಗೂ ಇದೇ ಲೆಕ್ಕ, ಉಲ್ಟಾ. ಇನ್ನೊಂದು ಮಾತು. ಏರಿನ ಗ್ರೀನ್‌ಗೆ ಚೆಂಡು ಪೂರ್ತಿ ಕೆಳಗಿಳಿಯುವ ಮೊದಲೇ ನೆಲ ಸಿಕ್ಕಿಬಿಡುತ್ತದೆ. ಅದಕ್ಕೇ ಓರೆಯಾಗಿ ಬಿದ್ದು ಓಡುತ್ತದೆ. ತಗ್ಗಿನ ಗ್ರೀನ್‌ಗೆ ನೆಟ್ಟಗೆ ಬೀಳುತ್ತದೆ, ಬೇಗ ನಿಲ್ಲುತ್ತದೆ. ಆದರೆ ಗಾಳಿಯಲ್ಲಿ ಜಾಸ್ತಿ ಹೊತ್ತು ಇರುವುದರಿಂದ ಅಡ್ಡಗಾಳಿಗೆ ಜಾಸ್ತಿ ಸಿಗುತ್ತದೆ. ಎತ್ತರದ ಟೀ ಮೇಲೆ ನಿಂತು ಕೆಳಗಿನ ಫೇರ್‌ವೇ ನೋಡಿದಾಗ ಮನಸ್ಸು ಉಬ್ಬುತ್ತದೆ, ಸಹಜ. ಆದರೆ ಗಾಳಿ ಇರುವ ದಿನ ಅಲ್ಲಿ ಚೆಂಡನ್ನು ತಗ್ಗಾಗಿ ಇಡುವುದು ಒಳ್ಳೆಯದು.

ಸಮುದ್ರಮಟ್ಟದಿಂದ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಬೀದರ್ ಸುಮಾರು 2,200 ಅಡಿ ಎತ್ತರದಲ್ಲಿದೆ, ಊಟಿ 7,300 ಅಡಿಯ ಆಸುಪಾಸು. ಗಾಳಿ ತೆಳುವಾದಂತೆ ಚೆಂಡು ಪ್ರತಿ ಸಾವಿರ ಅಡಿಗೆ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ. ಬೀದರ್‌ನಲ್ಲಿ 150 ಹೋಗುವ ಐರನ್ ಊಟಿಯಲ್ಲಿ 158ರ ಹತ್ತಿರ ಹೋಗಬೇಕು. ಅಲ್ಲಿನ ಚಳಿಗೆ ಅದರಲ್ಲಿ ಒಂದಿಷ್ಟು ವಾಪಸ್ ಹೋಗುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಚೆಂಡು ಹಾರುವ ಹಾಗೆ ಚಳಿಯಲ್ಲಿ ಹಾರುವುದಿಲ್ಲ. ಇಲ್ಲಿನ ಒಣ ನೆಲದಲ್ಲಿ ಸಿಗುವ ಉರುಳಾಟವೂ ಅಲ್ಲಿನ ಹಸಿ ಹುಲ್ಲಿನಲ್ಲಿ ಸಿಗುವುದಿಲ್ಲ.

ಈ ಲೆಕ್ಕವನ್ನು ಕೋರ್ಸ್ ಮೇಲೆ ನಿಂತು ಮಾಡಲು ಹೋದರೆ ತಲೆ ಕೆಡುತ್ತದೆ. ಮನೆಯಲ್ಲೇ ಮಾಡಿ. ಹೋಗುವ ಮುಂಚಿನ ವಾರ ಗೂಗಲ್ ಅರ್ಥ್ ತೆರೆಯಿರಿ. ಕಂಪ್ಯೂಟರ್‌ನಲ್ಲಾದರೆ ಟೀ ಮೇಲೆ ಕರ್ಸರ್ ಇಟ್ಟರೆ ಅಲ್ಲಿನ ಎತ್ತರ ಸಿಗುತ್ತದೆ, ಗ್ರೀನ್ ಮೇಲೆ ಇಟ್ಟರೆ ಅಲ್ಲಿನದು. ಕಳೆದರೆ ಏರಿಳಿತ ಬಂತು. ಅದು ಕರಾರುವಾಕ್ಕಾಗಿ ಇರುವುದಿಲ್ಲ, ಆದರೆ ಒಂದು ಕ್ಲಬ್ ಫರಕು ತಿಳಿಯಲು ಸಾಕು. ಡ್ರೈವರ್ ಬೀಳುವ ಜಾಗದಲ್ಲಿ ಮುಂದೆ, ಹಿಂದೆ, ಎಡ, ಬಲ ನಾಲ್ಕು ಕಡೆ ಎತ್ತರ ನೋಡಿ. ಅಲ್ಲಿ ಕಾಲು ಹೇಗೆ ನಿಲ್ಲುತ್ತದೆ ಎಂಬ ಅಂದಾಜು ಮನೆಯಲ್ಲೇ ಸಿಗುತ್ತದೆ. ಪ್ರತಿ ಹೋಲ್‌ಗೆ ಒಂದು ಪುಟ ಮಾಡಿ. ಹೀಗೆ ಆಟಕ್ಕೆ ಮೊದಲೇ ಬರೆದುಕೊಂಡ ಮಾಹಿತಿಯನ್ನು ಸ್ಪರ್ಧೆಯಲ್ಲಿ ಬಳಸಲು ನಿಯಮದ ಅಡ್ಡಿ ಇಲ್ಲ. ಲೇಸರ್ ರೇಂಜ್‌ಫೈಂಡರ್‌ನ (ದೂರ ಅಳೆಯುವ ಯಂತ್ರ) ಸ್ಲೋಪ್ ಬಟನ್, ಅಂದರೆ ಏರಿಳಿತ ಸೇರಿಸಿ ದೂರ ಹೇಳುವ ಬಟನ್, ವಿಷಯ ಬೇರೆ. ಸ್ಪರ್ಧೆಯಲ್ಲಿ ಸಾಮಾನ್ಯವಾಗಿ ಅದನ್ನು ಆಫ್ ಮಾಡಿರಬೇಕು, ಇಲ್ಲದಿದ್ದರೆ ಪೆನಾಲ್ಟಿ. ಆಯಾ ಸ್ಪರ್ಧೆಯ ಲೋಕಲ್ ರೂಲ್ ಓದಿಕೊಂಡೇ ಹೋಗಿ.

ಮನೆಯ ಲೆಕ್ಕದಲ್ಲಿ ಸಿಗದೇ ಇರುವುದು ಗ್ರೀನ್. ಗುಡ್ಡದ ಮೇಲೆ ಇಡೀ ಸುತ್ತಮುತ್ತಲೂ ವಾಲಿರುತ್ತದೆ. ಹಾಗಾಗಿ ಗ್ರೀನ್ ಮೇಲೆ ನಿಂತವನ ಕಣ್ಣಿಗೆ ಸಮ ಯಾವುದು, ವಾಲು ಯಾವುದು ಗೊತ್ತಾಗುವುದಿಲ್ಲ. ಸಮ ಅನಿಸಿದ ಪಟ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಹೊಡೆತ) ಗುಡ್ಡದಿಂದ ದೂರಕ್ಕೆ, ತಗ್ಗಿನ ಕಡೆಗೆ ತಿರುಗುತ್ತದೆ. ಇದಕ್ಕೆ ಮದ್ದು, ಗ್ರೀನ್‌ಗೆ 50 ಯಾರ್ಡ್ ದೂರ ಇರುವಾಗಲೇ ನೋಡುವುದು. ದೂರದಿಂದ ಇಡೀ ಗ್ರೀನ್ ಯಾವ ಕಡೆ ವಾಲಿದೆ ಎಂದು ಚೆನ್ನಾಗಿ ಕಾಣುತ್ತದೆ. ಮಳೆ ನೀರು ಯಾವ ಕಡೆ ಹರಿದು ಹೋಗುತ್ತದೆ ಎಂದು ಹುಡುಕಿ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮೇಲೆ ಹತ್ತಿ.

ಪಿನ್‌ಗಿಂತ (ಕುಳಿಯಲ್ಲಿ ನೆಟ್ಟ ಬಾವುಟದ ಕೋಲು) ಕೆಳಗೆ ಚೆಂಡು ಬಿಡಿ ಎಂದು ಎಲ್ಲ ಕೋಚ್‌ಗಳೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಏರುಮುಖದ ಪಟ್ ಧೈರ್ಯವಾಗಿ ಹೊಡೆಯಬಹುದು. ಆದರೆ ಗ್ರೀನ್‌ನ ಮುಂಭಾಗವೇ ಜಾರುವಂತಿದ್ದರೆ ಈ ಮಾತು ನಡೆಯುವುದಿಲ್ಲ. ಅಮೆರಿಕದ ಅಗಸ್ಟಾ ಕೋರ್ಸ್‌ನಲ್ಲಿ ನಡೆಯುವ ದೊಡ್ಡ ಟೂರ್ನಿ ಮಾಸ್ಟರ್ಸ್‌ನಲ್ಲಿ, 1996ರಲ್ಲಿ, ಕೊನೆಯ ದಿನದ ಶುರುವಿನಲ್ಲಿ ಗ್ರೆಗ್ ನಾರ್ಮನ್ 6 ಸ್ಟ್ರೋಕ್ (ಹೊಡೆತ) ಮುಂದಿದ್ದರು. ಅಗಸ್ಟಾದ 9ನೇ ಹೋಲ್‌ನಲ್ಲಿ ಅವರ ಚೆಂಡು ಬೇಕಾದ ಜಾಗಕ್ಕಿಂತ ಸ್ವಲ್ಪ ಮೊದಲು ಬಿತ್ತು. ಹಿಂದಕ್ಕೆ ಉರುಳಿ, ಗ್ರೀನ್ ಬಿಟ್ಟು, ಇಳಿಜಾರಿನಲ್ಲಿ ಕೆಳಗೆ ಹೋಯಿತು. ಬೋಗಿ, ಅಂದರೆ ಪಾರ್‌ಗಿಂತ ಒಂದು ಹೊಡೆತ ಜಾಸ್ತಿ. ಮುಂದಿನ ಎರಡು ಹೋಲ್‌ನಲ್ಲೂ ಬೋಗಿ, 12ರಲ್ಲಿ ಡಬಲ್ ಬೋಗಿ. ಕೊನೆಗೆ ನಿಕ್ ಫಾಲ್ಡೊ 5 ಸ್ಟ್ರೋಕ್‌ನಿಂದ ಗೆದ್ದರು. ಆ ಮಟ್ಟದ ಆಟಗಾರನನ್ನೂ ಆ ನೆಲ ಬಿಡಲಿಲ್ಲ. ಇಂಥ ಗ್ರೀನ್ ಕಂಡರೆ ಪಿನ್ ಮರೆತುಬಿಡಿ, ನಡು ಗ್ರೀನ್‌ಗೆ ಹೊಡೆಯಿರಿ. ಮೇಲಿನಿಂದ ಎರಡು ಪಟ್ ಆದರೂ ಪರವಾಗಿಲ್ಲ.

ಏರು ಹತ್ತಿ ಬಂದು ಏದುಸಿರಿನಲ್ಲೇ ಹೊಡೆಯಬೇಡಿ. ಕೊನೆಯ ನಾಲ್ಕೈದು ಹೋಲ್‌ನಲ್ಲಿ ಕಾಲು ಸೋತಿರುತ್ತದೆ, ಅದನ್ನು ಮೊದಲೇ ಪುಟದಲ್ಲಿ ಬರೆದಿಡಿ: ಇಲ್ಲಿಂದ ಒಂದು ಕ್ಲಬ್ ಜಾಸ್ತಿ.

ಅಭ್ಯಾಸಕ್ಕೆ ಗುಡ್ಡ ಎಲ್ಲಿದೆ ಎಂದು ಕಲಬುರಗಿಯವರು ಕೇಳುತ್ತಾರೆ. ಗುಡ್ಡ ಬೇಕಾಗಿಲ್ಲ, ಹೊಲದ ಒಡ್ಡು ಸಾಕು. ಜನವರಿ ಹೊತ್ತಿಗೆ ತೊಗರಿ ರಾಶಿ ಮುಗಿದಿರುತ್ತದೆ, ಹೊಲ ಖಾಲಿ ಇರುತ್ತದೆ. ಹೊಲದವರನ್ನು ಕೇಳಿ, ಒಪ್ಪಿದರೆ ಮಾತ್ರ ಹೋಗಿ. ಒಡ್ಡಿನ ಇಳಿಜಾರಿನಲ್ಲಿ ನಾಲ್ಕೂ ಥರ ನಿಲ್ಲಬಹುದು. ಒಂದು ಕಾಲು ಒಡ್ಡಿನ ಮೇಲೆ, ಒಂದು ಕೆಳಗೆ. ಆಮೇಲೆ ತಿರುಗಿ ನಿಲ್ಲಿ. ಬೀದರ್ ಕಡೆಯ ಕೆಂಪು ನೆಲದಲ್ಲಿ ಕಲ್ಲು ಜಾಸ್ತಿ, ಕ್ಲಬ್ ಹಾಳಾಗುತ್ತದೆ. ಹಳೆಯ ಮ್ಯಾಟ್‌ನ ಒಂದು ತುಂಡು ಹಾಸಿಕೊಳ್ಳಿ. ಹಗುರ ಪ್ಲಾಸ್ಟಿಕ್ ಚೆಂಡು ಬಳಸಿ, ಯಾರಿಗೂ ಪೆಟ್ಟಾಗುವುದಿಲ್ಲ, ಚೆಂಡು ಎಡಕ್ಕೆ ಬಲಕ್ಕೆ ತಿರುಗುವುದೂ ಕಾಣುತ್ತದೆ. ಮೊದಲ ವಾರ ದೂರ ನೋಡಲೇಬೇಡಿ. ಹೊಡೆದ ಮೇಲೆ ಮೂರು ಎಣಿಸುವವರೆಗೆ ಬೀಳದೆ ನಿಂತಿರುತ್ತೀರಾ, ಅಷ್ಟು ಮಾತ್ರ ನೋಡಿ. ಇಳಿಮುಖದ ನಿಲುವಿನಲ್ಲಿ ಅದು ಸಾಧ್ಯವಾದ ಮೇಲೆ ಊಟಿಗೆ ಟಿಕೆಟ್ ಮಾಡಿಸಿ.