ಪ್ರಾಸ್ಟೇಟ್ ಸರ್ಜರಿ ನಂತರ ಮೂತ್ರ ಸೋರಿಕೆ: ಬಿಗಿ ಹಿಡಿಯಬೇಕಾದ ಜಾಗ ಯಾವುದು?

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬುಡದಲ್ಲಿ. ಮೂತ್ರನಾಳ ಅದರ ನಡುವೆಯೇ ತೂರಿ ಕೆಳಗೆ ಇಳಿಯುತ್ತದೆ. ಗಂಡಸರಲ್ಲಿ ಮೂತ್ರ ತಡೆಯಲು ಎರಡು ಸ್ಫಿಂಕ್ಟರ್‌ಗಳಿವೆ, ಅಂದರೆ ನಾಳವನ್ನು ಸುತ್ತಿ ಬಿಗಿಯುವ ಉಂಗುರದಂಥ ಸ್ನಾಯುಗಳು. ಒಂದು ಮೂತ್ರಕೋಶದ ಕುತ್ತಿಗೆಯಲ್ಲಿದೆ, ಅದು ನಮಗೆ ಗೊತ್ತಾಗದಂತೆ ತನ್ನಷ್ಟಕ್ಕೆ ಕೆಲಸ ಮಾಡುತ್ತದೆ. ಇನ್ನೊಂದು ಪ್ರಾಸ್ಟೇಟ್‌ನ ಕೆಳತುದಿಯ ಹತ್ತಿರ ಇದೆ. ಅದನ್ನು ನಾವು ಬೇಕೆಂದಾಗ ಬಿಗಿ ಮಾಡಬಹುದು.

ಕ್ಯಾನ್ಸರ್‌ಗಾಗಿ ಪ್ರಾಸ್ಟೇಟ್ ಪೂರ್ತಿ ತೆಗೆದಾಗ ಅದರೊಳಗಿನ ನಾಳವೂ ಹೋಗುತ್ತದೆ. ಮೂತ್ರಕೋಶದ ಕುತ್ತಿಗೆಯನ್ನು ಉಳಿದ ನಾಳಕ್ಕೆ ಹೊಲಿಯುತ್ತಾರೆ. ಮೇಲಿನ ತಡೆ ದುರ್ಬಲವಾಗಿ, ಭಾರವೆಲ್ಲ ಕೆಳಗಿನದರ ಮೇಲೆ ಬೀಳುತ್ತದೆ. ಅದಕ್ಕೇ ಕ್ಯಾತಿಟರ್ (ಮೂತ್ರ ಹೊರಬರಲು ಹಾಕಿದ ಕೊಳವೆ) ತೆಗೆದ ಮೇಲೆ ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ ಸೋರುತ್ತದೆ. ಮಲಗಿದಾಗ ಕಡಿಮೆ. ಸಂಜೆ ಹೊತ್ತಿಗೆ ಸ್ನಾಯು ದಣಿದು ಜಾಸ್ತಿಯಾಗಬಹುದು.

ಈಗ ಮುಖ್ಯ ವಿಷಯ. ಸೋರಿಕೆ ತಡೆಯಲು ಪೆಲ್ವಿಕ್ ಫ್ಲೋರ್‌ಗೆ, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ, ವ್ಯಾಯಾಮ ಕಲಿಸುತ್ತಾರೆ. ಅದು ಒಂದೇ ಸ್ನಾಯು ಅಲ್ಲ. ಗಂಡಸರಲ್ಲಿ ಮೂರು ಭಾಗ ನೆನಪಿಡಿ. ಕೆಳಗಿನ ಸ್ಫಿಂಕ್ಟರ್ ಬಿಗಿಯಾದಾಗ ನಾಳದ ಮಧ್ಯಭಾಗವನ್ನು ಹಿಂದಕ್ಕೆ, ಅಂದರೆ ಬೆನ್ನಿನ ಕಡೆಗೆ ಎಳೆಯುತ್ತದೆ. ಪ್ಯೂಬೊರೆಕ್ಟಾಲಿಸ್ ಗುದದ ಹಿಂದಿನಿಂದ ಸುತ್ತಿ ಬಂದು ಅದನ್ನು ಮುಂದಕ್ಕೆ ಎಳೆಯುತ್ತದೆ. ಬಲ್ಬೊಕವರ್ನೋಸಸ್ ಶಿಶ್ನದ ಬುಡದಲ್ಲಿ ನಾಳವನ್ನು ಹಿಂಡುತ್ತದೆ. ಮೂರೂ ಒಟ್ಟಿಗೆ ಕೆಲಸ ಮಾಡಿದರೆ ನಾಳ ಗಟ್ಟಿಯಾಗಿ ಮುಚ್ಚುತ್ತದೆ.

1948ರಲ್ಲಿ ಅಮೆರಿಕದ ಸ್ತ್ರೀರೋಗ ವೈದ್ಯ ಅರ್ನಾಲ್ಡ್ ಕೆಗೆಲ್ ಈ ಸ್ನಾಯುಗಳನ್ನು ಬಿಗಿ ಮಾಡುವ ವ್ಯಾಯಾಮದ ಬಗ್ಗೆ ಬರೆದದ್ದು ಹೆರಿಗೆಯಾದ ಹೆಂಗಸರಿಗಾಗಿ. ಗಂಡಸರಿಗೆ ಹೇಳಿಕೊಡುವಾಗ "ಗುದದ್ವಾರ ಬಿಗಿ ಮಾಡಿ" ಅನ್ನುವುದು ರೂಢಿಯಾಯಿತು. ನಮ್ಮಲ್ಲಿ ಯೋಗ ಮಾಡಿದವರು "ಇದು ಅಶ್ವಿನಿ ಮುದ್ರೆ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಅಶ್ವಿನಿ ಮುದ್ರೆಯಲ್ಲಿ ಒತ್ತು ಗುದದ ಮೇಲೆ. ಇಲ್ಲಿ ಬೇಕಿರುವುದು ಮುಂದಿನ ಭಾಗ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾದ ಸ್ಟಾಫರ್ಡ್, ಪಾಲ್ ಹಾಜಸ್ ಮತ್ತು ಜೊತೆಗಾರರು ಬೇರೆ ಬೇರೆ ಸೂಚನೆ ಕೊಟ್ಟು ಅಲ್ಟ್ರಾಸೌಂಡ್‌ನಲ್ಲಿ ನೋಡಿದರು. "ಶಿಶ್ನವನ್ನು ಒಳಗೆಳೆದು ಗಿಡ್ಡ ಮಾಡಿ" ಅಂದಾಗ ಸ್ಫಿಂಕ್ಟರ್ ಚೆನ್ನಾಗಿ ಬಿಗಿಯಾಯಿತು. "ಮೂತ್ರಕೋಶವನ್ನು ಮೇಲೆತ್ತಿ" ಅಂದಾಗ ಹೊಟ್ಟೆಯ ಸ್ನಾಯು ಬಿಗಿದು ಒಳಗಿನ ಒತ್ತಡವೇ ಏರಿತು. ಒತ್ತಡ ಏರಿದರೆ ಸೋರಿಕೆಗೆ ದಾರಿ. ಒಂದು ಮಾತಿನಿಂದ ಇಷ್ಟು ವ್ಯತ್ಯಾಸ!

ಪ್ರಯೋಗಗಳ ಫಲಿತಾಂಶ ಓದುವಾಗಲೂ ಇದು ನೆನಪಿರಲಿ. 2000ದಲ್ಲಿ ಬೆಲ್ಜಿಯಂನಲ್ಲಿ 102 ಜನರ ಮೇಲೆ ನಡೆದ ಪ್ರಯೋಗದಲ್ಲಿ, 3 ತಿಂಗಳಿಗೆ ತರಬೇತಿ ಪಡೆದವರಲ್ಲಿ 88% ಜನರಿಗೆ ಸೋರಿಕೆ ನಿಂತಿತ್ತು, ಉಳಿದವರಲ್ಲಿ 56%. ಆದರೆ 2011ರ ಬ್ರಿಟನ್ನಿನ ಮ್ಯಾಪ್ಸ್ ಪ್ರಯೋಗದಲ್ಲಿ 12 ತಿಂಗಳ ನಂತರ ತರಬೇತಿ ಪಡೆದವರಲ್ಲೂ ಹೋಲಿಕೆಯ ಗುಂಪಿನಲ್ಲೂ ಇನ್ನೂ ಸೋರುತ್ತಿದ್ದವರು ಹೆಚ್ಚು ಕಡಿಮೆ ಒಂದೇ: 76% ಮತ್ತು 77%. ಇದನ್ನು ಓದಿ "ವ್ಯಾಯಾಮ ಸುಮ್ನೆ ದಂಡ" ಅಂದುಬಿಡಬೇಡಿ. ಹೋಲಿಕೆಯ ಗುಂಪಿನಲ್ಲೂ ಹಲವರು ವ್ಯಾಯಾಮ ಮಾಡುತ್ತಿದ್ದರು. ಯಾವ ಸ್ನಾಯುವಿಗೆ, ಯಾವ ಸೂಚನೆ ಕೊಟ್ಟು ಕಲಿಸಿದರು ಅನ್ನುವುದನ್ನೂ ಕೇಳಬೇಕು ಅಂತ ನನ್ನ ಅನಿಸಿಕೆ.

ರೋಗಿಗೆ ಕಲಿಸುವಾಗ ಕನ್ನಡಿ ಕೊಡಿ. ಸರಿಯಾಗಿ ಮಾಡಿದರೆ ಶಿಶ್ನ ಸ್ವಲ್ಪ ಒಳಸರಿದು, ವೃಷಣ ಮೇಲೇರುವುದು ಕಾಣುತ್ತದೆ. ಉಸಿರು ಹಿಡಿಯಬಾರದು, ಪೃಷ್ಠ ಬಿಗಿಯಬಾರದು. ಪೂರ್ತಿ ಬಲ ಬೇಡ, ಮೆತ್ತಗೆ ಸಾಕು. ಮೊದಲು ಬಿಗಿ ಹಿಡಿದು ಆಮೇಲೆ ಕೆಮ್ಮುವುದು, ಬಿಗಿ ಹಿಡಿದು ಏಳುವುದು: ಸರಿಯಾದ ಹೊತ್ತಿಗೆ ಬಿಗಿ ಹಿಡಿಯುವುದು ಅಭ್ಯಾಸವಾಗಬೇಕು. ಕ್ಯಾತಿಟರ್ ಇರುವಾಗ ಮಾಡಿಸಬೇಡಿ. ಮೂತ್ರ ಮಾಡುವಾಗ ನಡುವೆ ನಿಲ್ಲಿಸುವುದನ್ನು ದಿನದ ವ್ಯಾಯಾಮ ಮಾಡಿಕೊಳ್ಳಬಾರದು. ಹೆದರಿ ನೀರು ಕುಡಿಯುವುದನ್ನು ಬಿಡುವವರಿದ್ದಾರೆ, ಅದೂ ತಪ್ಪು. ಮೂತ್ರ ಗಾಢವಾಗಿ ಮೂತ್ರಕೋಶಕ್ಕೇ ಕಿರಿಕಿರಿ.

"ವರ್ಷ ಆಯ್ತು, ಇನ್ನೇನು ಪ್ರಯೋಜನ?" ಅಂತ ಬರುವವರನ್ನು ವಾಪಸ್ ಕಳಿಸಬೇಡಿ. 2011ರಲ್ಲೇ ಬಂದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ, ವರ್ಷ ಕಳೆದರೂ ಸೋರುತ್ತಿದ್ದವರಿಗೆ 8 ವಾರ ತರಬೇತಿ ಕೊಟ್ಟರು. ಸೋರುವ ಸಲಗಳು ಸರಾಸರಿ 55% ಇಳಿದವು, ತರಬೇತಿ ಇಲ್ಲದವರಲ್ಲಿ 24%. ಅಷ್ಟಾಗಿಯೂ ನಿಲ್ಲದಿದ್ದರೆ ಸ್ಲಿಂಗ್ (ಸರ್ಜರಿಯಲ್ಲಿ ನಾಳದ ಕೆಳಗೆ ಕೂರಿಸುವ ಆಸರೆ ಪಟ್ಟಿ) ಅಥವಾ ಕೃತಕ ಸ್ಫಿಂಕ್ಟರ್ ಬಗ್ಗೆ ಯೂರಾಲಜಿಸ್ಟ್ ಹತ್ತಿರ ಮಾತಾಡಲು ಹೇಳಿ.