ಕಡ್ಡಿಯ ಶ್ರುತಿ ಕೇಳಿ, ಚಕ್ರದ ಔಟ್ ತೆಗೆಯಿರಿ

ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹಿಂದಿನ ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸುತ್ತಾ, ಸಣ್ಣ ಸ್ಪ್ಯಾನರ್‌ನಿಂದ ಕಡ್ಡಿಗಳನ್ನು ಒಂದೊಂದಾಗಿ ತಟ್ಟುತ್ತಾ ಹೋಗಿ. ಟಣ್, ಟಣ್, ಟಣ್, ಡಬ್. ಆ ‘ಡಬ್’ ಅಂದ ಕಡ್ಡಿ ಸಡಿಲವಾಗಿದೆ.

ನನ್ನ ಹಳೇ ಯೆಜ್ದಿಯಲ್ಲಿ ಇಂಥವು ಐದು ಸಿಕ್ಕವು. 50 ಕಿ.ಮೀ. ವೇಗ ದಾಟಿದರೆ ಸಾಕು, ಸೀಟಿನ ಕೆಳಗೆ ಯಾರೋ ಹಿಡಿದು ಅಲ್ಲಾಡಿಸಿದ ಹಾಗೆ ಆಗುತ್ತಿತ್ತು. ಟೈರ್ ಹಳೆಯದು ಅಂದುಕೊಂಡು ಹೊಸದು ಹಾಕಿಸಿದೆ, ಏನೂ ಬದಲಾಗಲಿಲ್ಲ. ತೊಂದರೆ ಇದ್ದದ್ದು ಚಕ್ರದ ಔಟ್, ಅಂದರೆ ತಿರುಗುವಾಗ ರಿಮ್ ಪಕ್ಕಕ್ಕೋ ಮೇಲೆ ಕೆಳಗೋ ಓಲಾಡುವುದು. ಯೆಜ್ದಿ ನಮ್ಮ ಮೈಸೂರಿನದೇ ಗಾಡಿ. ಅದನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಹಾಗಾಗಿ ಇವತ್ತು ರಸ್ತೆಯಲ್ಲಿರುವ ಹಳೇ ಯೆಜ್ದಿ ಯಾವುದೇ ಆಗಲಿ, ಅದರ ಕಡ್ಡಿಗಳು ತುಂಬಾ ವರ್ಷ ದುಡಿದಿರುತ್ತವೆ. ಆದರೆ ಇಲ್ಲಿ ಹೇಳುವುದು ಕಡ್ಡಿ ಚಕ್ರ ಇರುವ ಬುಲೆಟ್ಟಿಗೂ ಸ್ಪ್ಲೆಂಡರ್‌ಗೂ ಅಷ್ಟೇ ಸಲ್ಲುತ್ತದೆ.

ಮೊದಲು ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ಎತ್ತಿನ ಗಾಡಿಯ ಚಕ್ರ ನೋಡಿದ್ದೀರಲ್ವಾ? ಅದರ ಮರದ ಕಾಲುಗಳು ದಪ್ಪ, ಕಂಬದ ಹಾಗೆ ಭಾರವನ್ನು ಹೊತ್ತು ನಿಲ್ಲುತ್ತವೆ. ಕಬ್ಬಿಣದ ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಚಕ್ರಕ್ಕೆ ಹಾಕಿ, ನೀರು ಸುರಿದರೆ ಪಟ್ಟಿ ಕುಗ್ಗಿ ಎಲ್ಲವನ್ನೂ ಒಳಕ್ಕೆ ಒತ್ತಿ ಹಿಡಿಯುತ್ತದೆ. ಬೈಕಿನ ಚಕ್ರ ಇದಕ್ಕೆ ಸರಿಯಾಗಿ ತಿರುಗುಮುರುಗು. ಅಷ್ಟು ತೆಳ್ಳಗಿನ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ದೊಡ್ಡವರೊಬ್ಬರು ಅದರ ಮೇಲೆ ಭಾರ ಹಾಕಿದರೆ ಬಳುಕಿಬಿಡುತ್ತದೆ, ಆದರೆ ಅದೇ ಕಡ್ಡಿ ಎಳೆತವನ್ನು ನೂರಾರು ಕಿಲೋ ತಡೆಯುತ್ತದೆ. ಅದಕ್ಕೇ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. 1808ರಲ್ಲಿ ಜಾರ್ಜ್ ಕೇಲಿ ಎಂಬ ಇಂಗ್ಲಿಷಿನವನು ಹಾರುವ ಯಂತ್ರಕ್ಕೆ ಹಗುರ ಚಕ್ರ ಬೇಕು ಅಂತ ಯೋಚಿಸುವಾಗ ಹೊಳೆದ ಉಪಾಯ ಇದು.

ನೀವು ಬೈಕ್ ಮೇಲೆ ಕೂತಾಗ ಕೆಳಗಿನ ನಾಲ್ಕೈದು ಕಡ್ಡಿಗಳ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ. ಉಳಿದವುಗಳಲ್ಲಿ ಅಂಥ ಬದಲಾವಣೆಯೇ ಇರುವುದಿಲ್ಲ. ಚಕ್ರ ತಿರುಗಿದಂತೆ ಪ್ರತಿ ಕಡ್ಡಿಗೂ ಈ ಸರದಿ ಬರುತ್ತದೆ. 18 ಇಂಚಿನ ರಿಮ್ ಇದ್ದರೆ ಕಿಲೋಮೀಟರಿಗೆ ಸುಮಾರು 500 ಸುತ್ತು. ಮೈಸೂರಿಂದ ಮಡಿಕೇರಿಗೆ ಹೋಗುವಷ್ಟರಲ್ಲಿ 60,000 ಸಲ! ಕಡ್ಡಿ ಬಿಗಿಯಾಗಿದ್ದರೆ ಎಳೆತ ಸ್ವಲ್ಪ ಇಳಿದು ಮತ್ತೆ ಏರುತ್ತದೆ ಅಷ್ಟೇ. ಸಡಿಲವಿದ್ದರೆ ಪ್ರತಿ ಸುತ್ತಿಗೂ ಪೂರ್ತಿ ಜೋತುಬಿದ್ದು ಮತ್ತೆ ಜಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿಯುತ್ತೇವಲ್ಲ, ಚಕ್ರದ ನಡುವಿನ ಹಬ್‌ಗೆ ಸೇರುವ ತುದಿಯಲ್ಲಿ ಆಗುವುದೂ ಅಂಥದ್ದೇ. ಒಂದು ಮುರಿದರೆ ಅದರ ಪಾಲು ಅಕ್ಕಪಕ್ಕದವುಗಳ ಮೇಲೆ ಬೀಳುತ್ತದೆ. ಹಾಗಾಗಿ ಔಟ್ ತೆಗೆಯುವುದು ಅಂದರೆ ರಿಮ್ ನೆಟ್ಟಗೆ ಮಾಡುವುದು ಮಾತ್ರ ಅಲ್ಲ, ಎಳೆತವನ್ನು ಎಲ್ಲ ಕಡ್ಡಿಗಳಿಗೂ ಸಮನಾಗಿ ಹಂಚುವುದು.

ಇಲ್ಲಿ ಕಿವಿ ತುಂಬಾ ಒಳ್ಳೆಯ ಉಪಕರಣ. ತಂಬೂರಿಯ ತಂತಿ ಬಿಗಿ ಮಾಡಿದರೆ ಸ್ವರ ಏರುತ್ತದೆ. ಎಳೆತ ನಾಲ್ಕು ಪಟ್ಟಾದರೆ ಸ್ವರದ ಕಂಪನ ಎರಡು ಪಟ್ಟು, ಅಂದರೆ ಕೆಳಗಿನ ಸ ಇದ್ದದ್ದು ಮೇಲಿನ ಸ ಆಗುತ್ತದೆ. ಫ್ರಾನ್ಸಿನ ಮರಿನ್ ಮರ್ಸೆನ್ 1636ರಲ್ಲಿ ಪ್ರಕಟಿಸಿದ ನಿಯಮ ಇದು. ಬೈಕಿನ ಕಡ್ಡಿ ಗಿಡ್ಡ, ದಪ್ಪ, ಮೇಲಾಗಿ ಒಂದಕ್ಕೊಂದು ಅಡ್ಡಡ್ಡ ದಾಟುತ್ತವೆ, ಹಾಗಾಗಿ ಸ್ವರ ಕೇಳಿ ಎಳೆತ ಲೆಕ್ಕ ಹಾಕಲು ಹೋಗಬೇಡಿ. ಒಂದೇ ಬದಿಯ ಕಡ್ಡಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿ, ಸಾಕು.

ನನಗೆ ಖರ್ಚಾದದ್ದು ಒಂದು ಸ್ಪೋಕ್ ಕೀ (ಕಡ್ಡಿ ಬಿಗಿ ಮಾಡುವ ಕೀಲಿ), ಸ್ವಲ್ಪ ಎಣ್ಣೆ, ರಿಮ್ ಒಳಗೆ ಸುತ್ತುವ ಹೊಸ ರಿಮ್ ಟೇಪ್. ಎಲ್ಲ ಸೇರಿ 500 ರೂಪಾಯಿ ದಾಟಲಿಲ್ಲ. ಚಕ್ರ ಕೂರಿಸಲು ಬೇರೆ ಸ್ಟ್ಯಾಂಡ್ ಬೇಡ, ಬೈಕೇ ಸ್ಟ್ಯಾಂಡ್. ಹಿಂದಿನ ರಾತ್ರಿಯೇ, ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ಪ್ರತಿ ನಿಪ್ಪಲ್‌ಗೂ ಒಂದು ಹನಿ ಎಣ್ಣೆ ಬಿಟ್ಟೆ. ತುಕ್ಕು ಹಿಡಿದ ನಿಪ್ಪಲ್‌ ಅನ್ನು ಒಣಗಿದ್ದಾಗಲೇ ತಿರುಗಿಸಿದರೆ ಮೂಲೆ ಸವೆದು ದುಂಡಗಾಗುತ್ತದೆ, ಆಮೇಲೆ ಕೀ ಹಿಡಿಯುವುದೇ ಇಲ್ಲ. ಬೆಳಿಗ್ಗೆ ಟೈರ್, ಟ್ಯೂಬ್ ಬಿಚ್ಚಿ ಬರೀ ರಿಮ್ ಅನ್ನು ವಾಪಸ್ ಹಾಕಿದೆ. ಚಕ್ರವನ್ನು ಪಕ್ಕಕ್ಕೆ ಅಲ್ಲಾಡಿಸಿ ಬೇರಿಂಗಿನಲ್ಲಿ ಪ್ಲೇ (ಅಲುಗಾಟ) ಇಲ್ಲ ಅಂತ ಖಚಿತ ಮಾಡಿಕೊಂಡೆ. ಬೇರಿಂಗ್ ಸವೆದಿದ್ದರೆ ಉಳಿದ ಕೆಲಸವೆಲ್ಲ ದಂಡ. ರಿಮ್ ಹಬ್ಬಿನ ಎರಡೂ ಬದಿಯಿಂದ ಎಷ್ಟು ದೂರದಲ್ಲಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ, ಎಷ್ಟೋ ಬೈಕುಗಳಲ್ಲಿ ಅದು ಹಬ್‌ನ ನಟ್ಟನಡುವೆ ಇರುವುದಿಲ್ಲ.

ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮ್‌ಗೆ ಒಂದು ಪೆನ್ಸಿಲ್ ಕಟ್ಟಿ, ತುದಿ ರಿಮ್‌ಗೆ ಇನ್ನೇನು ತಾಗಬೇಕು ಅನ್ನುವಷ್ಟು ಹತ್ತಿರ ತಂದೆ. ಚಕ್ರ ತಿರುಗಿಸಿದರೆ ಒಂದು ಕಡೆ ಗೆರೆ ಬಿತ್ತು, ಅದರ ಎದುರು ಬದಿಯಲ್ಲಿ ಮೂರು ಮಿಲಿಮೀಟರ್ ಸಂದು. ಮಾರುಕಟ್ಟೆಯ ಎಷ್ಟೋ ಬೈಕುಗಳಿಗೆ 2 ಮಿ.ಮೀ.ಗಿಂತ ಜಾಸ್ತಿ ಔಟ್ ಇರಬಾರದು ಅಂತ ಕೈಪಿಡಿಯಲ್ಲೇ ಬರೆದಿರುತ್ತಾರೆ. ಮನೆಯಲ್ಲಿ ತಾಳ್ಮೆಯಿಂದ ಮಾಡಿದರೆ 1 ಮಿ.ಮೀ.ಗೆ ತರಬಹುದು.

ಎಲ್ಲರೂ ಎಡವುವ ಜಾಗ ಒಂದಿದೆ, ನಾನೂ ಎಡವಿದೆ. ಟೈರ್ ಬದಿಯಿಂದ ನೋಡಿದರೆ ನಿಪ್ಪಲ್ ಬಿಗಿಯಾಗುವುದು ಗಡಿಯಾರದ ಮುಳ್ಳಿನ ದಿಕ್ಕಿಗೆ. ಆದರೆ ನಾವು ಕೂತು ನೋಡುವುದು ಹಬ್ ಕಡೆಯಿಂದ, ಆಗ ದಿಕ್ಕು ಉಲ್ಟಾ ಕಾಣುತ್ತದೆ. ಬಿಗಿ ಮಾಡುತ್ತಿದ್ದೇನೆ ಅಂದುಕೊಂಡು ಒಂದು ಬದಿಯನ್ನು ಪೂರ್ತಿ ಸಡಿಲ ಮಾಡಿ, ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು. ಈಗ ಕೀ ಮೇಲೆಯೇ ಬಾಣದ ಗುರುತು ಹಾಕಿಕೊಂಡಿದ್ದೇನೆ.

ಮೊದಲು ‘ಡಬ್’ ಅನ್ನುವವನ್ನೆಲ್ಲ ಉಳಿದವುಗಳ ಸ್ವರಕ್ಕೆ ತನ್ನಿ. ಆಮೇಲೆ ಮೇಲೆ ಕೆಳಗಿನ ಔಟ್ ನೋಡಿ: ರಿಮ್ ಹೊರಗೆ ಉಬ್ಬಿದ ಕಡೆ ಎಡಬಲ ಎರಡೂ ಬದಿಯ ಕಡ್ಡಿಗಳನ್ನು ಬಿಗಿ ಮಾಡಿದರೆ ಒಳಕ್ಕೆ ಬರುತ್ತದೆ. ಕೊನೆಗೆ ಪಕ್ಕದ ಔಟ್. ರಿಮ್ ಎಡಕ್ಕೆ ಹೋಗಿದ್ದರೆ ಬಲ ಬದಿಯ ಕಡ್ಡಿ ಬಿಗಿ, ಎಡ ಬದಿಯದು ಅಷ್ಟೇ ಸಡಿಲ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ರಿಮ್ ಒಂದು ಬಳೆ ಇದ್ದ ಹಾಗೆ, ಒಂದು ಕಡ್ಡಿ ಎಳೆದರೆ ಪಕ್ಕದವುಗಳ ಎಳೆತವೂ ಬದಲಾಗುತ್ತದೆ, ಅದಕ್ಕೇ ಪ್ರತಿ ಸಲವೂ ತಿರುಗಿಸಿ ನೋಡಲೇಬೇಕು. ರಿಮ್‌ನ ಬೆಸುಗೆ ಹತ್ತಿರ ಸಣ್ಣ ಉಬ್ಬು ಇದ್ದರೆ ಅದನ್ನು ಸುಮ್ನೆ ಬಿಟ್ಟುಬಿಡಿ. ಹೊಂಡಕ್ಕೆ ಬಿದ್ದು ಜಜ್ಜಿದ ರಿಮ್ ಅಥವಾ ಬಿರುಕು ಬಿಟ್ಟ ರಿಮ್ ಆದರೆ ಕಡ್ಡಿ ಎಳೆದು ಪ್ರಯೋಜನ ಇಲ್ಲ, ಬದಲಾಯಿಸಬೇಕು. ಮತ್ತೆ ದಯವಿಟ್ಟು, ಚಕ್ರ ತಿರುಗಲಿ ಅಂತ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬೇಡಿ. ಚೈನಿಗೆ ಬೆರಳು ಸಿಕ್ಕರೆ ಬೆರಳು ಹೋಗುತ್ತದೆ.

ಟೈರ್ ಹಾಕುವ ಮುಂಚೆ ರಿಮ್ ಒಳಗೆ ಬೆರಳಾಡಿಸಿ. ನಿಪ್ಪಲ್ ಮೇಲೆ ಕಡ್ಡಿಯ ತುದಿ ಚಾಚಿದ್ದರೆ ಅರ ಹಾಕಿ ಉಜ್ಜಿ, ಇಲ್ಲದಿದ್ದರೆ ಟ್ಯೂಬ್ ತೂತಾಗುತ್ತದೆ. ಹೊಸ ಬಿಗಿಗೆ ಕಡ್ಡಿಗಳು ಸ್ವಲ್ಪ ಹೊಂದಿಕೊಳ್ಳುತ್ತವೆ. 200 ಕಿ.ಮೀ. ಓಡಿಸಿದ ಮೇಲೆ ನಾನು ಮತ್ತೆ 36ನ್ನೂ ತಟ್ಟಿ ನೋಡಿದೆ. ಮೂರು ಕಡ್ಡಿ ಸ್ವಲ್ಪ ಇಳಿದಿದ್ದವು. ಒಂದೊಂದಕ್ಕೆ ಕಾಲು ಸುತ್ತು ಕೊಟ್ಟೆ, ಟಣ್ ಅಂದವು.